ಎರಡು ಗುಂಡು, ಒಂದು ಚಿಟಿಕೆ ಉಪ್ಪು

ಮಧ್ಯಾಹ್ನ ಮೂರೂ ಕಾಲಿಗೆ ನನ್ನ ತಂಗಿ ದೇವಕಿ ಜಗಲಿಯ ಕಂಬ ಹಿಡಿದು ಬಗ್ಗಿ ಮೊದಲ ಸಲ ವಾಂತಿ ಮಾಡಿದಳು. ಗಂಟೆ ನನಗೆ ಸರಿಯಾಗಿ ಗೊತ್ತು. ಅಪ್ಪ ಮಡಿಕೇರಿಯಿಂದ ತಂದು ನಡುಮನೆಯ ಗೋಡೆಗೆ ತೂಗುಹಾಕಿದ್ದ ಗಡಿಯಾರ ಕಾಲು ಗಂಟೆಗೊಮ್ಮೆ ಕೆಮ್ಮಿದಂತೆ ಸದ್ದು ಮಾಡುತ್ತಿತ್ತು. ಅದು ಕೆಮ್ಮಿದ್ದೂ ಇವಳು ಬಗ್ಗಿದ್ದೂ ಒಟ್ಟಿಗೇ ಆಯಿತು. ದೊಡ್ಡಪ್ಪ ಅಲ್ಲೇ ಕುಳಿತು ಅವಳಿಗಾಗಿ ಹಾಕಿ ಕೋಲೊಂದನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಎಂಥದೂ ಆಕಿಲ್ಲೆ," ಎಂದರು. "ಉಂಡದ್ದು ಹೆಚ್ಚಾತ್."

ನಮ್ಮ ಅರೆಭಾಷೆಯಲ್ಲಿ ಅದು ಅಂಥ ದೊಡ್ಡ ಮಾತೇನೂ ಅಲ್ಲ. ಏನೂ ಆಗುವುದಿಲ್ಲ ಎಂದಷ್ಟೇ ಅರ್ಥ. ದೊಡ್ಡಪ್ಪ ಅದನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ. ಮಳೆ ಬಂದರೂ ಅದೇ, ಹುಲಿ ಬಂದರೂ ಅದೇ, ಕಮಿಷನರ್ ದೊರೆ ಬಂದರೂ ಅದೇ.

ಕಳೆದ ತಿಂಗಳು ಅವರು ತೀರಿಕೊಂಡರು. ತಿಥಿಯ ದಿನ ಪಂಕ್ತಿಯಲ್ಲಿ ಕುಳಿತವರೆಲ್ಲ ಅವರ ಒಂದೇ ಕಥೆ ಹೇಳಿದರು. ತಮ್ಮನ ಮಗಳ ಜೀವ ಉಳಿಸಲಿಕ್ಕೆ ತನ್ನ ಸಾವನ್ನೇ ಊರಿಗೆ ಸಾರಿಸಿದ ಮನುಷ್ಯನ ಕಥೆ. ಅದು ಗಾಳಿಬೀಡಿನಿಂದ ಹೊರಟು ಕಕ್ಕಬೆಯವರೆಗೆ ಹೋಗಿ ಅಲ್ಲಿಂದ ಇನ್ನಷ್ಟು ಚಂದವಾಗಿ ವಾಪಸು ಬಂದಿದೆ. ನಾನು ಸಾರು ಬಡಿಸುತ್ತಿದ್ದೆ. ಆ ಸೌಟನ್ನು ಯಾರ ತಲೆಯ ಮೇಲೂ ಬೋರಲು ಹಾಕದೆ ಅಡುಗೆಮನೆಗೆ ಹಿಂತಿರುಗಿದೆನಲ್ಲ, ನಾನು ಮದರಾಸಿಗೆ ಹೋಗಿ ಬಿ.ಎ. ಓದಿದ್ದರ ಫಲ ಅಷ್ಟೇ ಇರಬೇಕು. ಅವರೆಲ್ಲ ಕಥೆಯನ್ನು ಸಾಯಂಕಾಲದಿಂದ ಶುರು ಮಾಡುತ್ತಾರೆ. ಅದು ಬೆಳಿಗ್ಗೆ ಶುರುವಾದದ್ದು. ನಾನು ಅಲ್ಲೇ ಇದ್ದೆ.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ನಮ್ಮ ಮನೆಯ ಯಜಮಾನರು. ಆರಡಿ ಎತ್ತರ, ಬಾಗಿಲು ದಾಟುವಾಗ ಬಗ್ಗುವ ಅಭ್ಯಾಸವಿಲ್ಲದೆ ಹಣೆಯ ಮೇಲೆ ಯಾವಾಗಲೂ ಒಂದು ಗಾಯ. ಕೈಗೆ ಬಾರದ ಕೆಲಸವಿಲ್ಲ. ಕೋವಿಯ ಹಿಡಿ ಒಡೆದರೆ ಬೀಟೆ ಮರದಲ್ಲಿ ಹೊಸದು ಕೆತ್ತುತ್ತಿದ್ದರು. ದುಡಿಗೆ ತಾವೇ ಚರ್ಮ ಬಿಗಿಯುತ್ತಿದ್ದರು. ಹುತ್ತರಿ ಹಾಡಿಗೆ ಅವರು ದುಡಿ ಬಾರಿಸಲು ಕುಳಿತರೆ ಹಾಡುವವರು ಅವರ ಕೈಯ ಹಿಂದೆ ಓಡಬೇಕಿತ್ತು. ಒಮ್ಮೆ ಮುದುಕರೊಬ್ಬರು ಉಸಿರು ಸಿಕ್ಕದೆ ಪದದ ನಡುವೆ ನಿಂತರು. ದೊಡ್ಡಪ್ಪ ನಿಲ್ಲಿಸಲಿಲ್ಲ. ಬರೀ ದುಡಿಯೇ ಆ ಪದವನ್ನು ಮುಗಿಸಿತು. ಆಮೇಲೆ ಮುದುಕರು ನಗುತ್ತಾ, "ನಿಂಗೆ ನಾವು ಎಂಥಕೆ ಮಾರಾಯ, ನೀ ಒಬ್ಬನೇ ಹಾಡ್ಕ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ.

ಹಾಕಿ ಆಟಕ್ಕೆ ಅವರೇ ಅಂಪೈರು. ಭತ್ತ ಕುಯ್ದ ಗದ್ದೆ, ಬಿದಿರಿನ ಬೇರು ಕೆತ್ತಿ ಮಾಡಿದ ಚೆಂಡು, ಪೇರಳೆಯ ಬಾಗಿದ ಕೊಂಬೆಯ ಕೋಲು. ಎಸ್ಟೇಟಿನ ದೊರೆಯೊಬ್ಬ ತನ್ನ ರೈಟರುಗಳನ್ನೂ ಇಬ್ಬರು ಬಿಳಿಯ ನೆಂಟರನ್ನೂ ಕಟ್ಟಿಕೊಂಡು ಒಂದು ವರ್ಷ ನಮ್ಮೂರ ಹುಡುಗರ ಮೇಲೆ ಆಡಲು ಬಂದ. ಕೊನೆಗಳಿಗೆಯಲ್ಲಿ ನಮ್ಮವನೊಬ್ಬ ಹೊಡೆದ ಚೆಂಡು ಕಂಬದ ಹೊರಗಿನಿಂದ ಹೋದದ್ದು ಗದ್ದೆಯ ಬದುವಿನ ಮೇಲೆ ಕುಳಿತ ನಮಗೆಲ್ಲ ಕಂಡಿತು. ದೊಡ್ಡಪ್ಪ ಗೋಲು ಎಂದರು. ದೊರೆ ಕೆಂಪಾಗಿ ಎದುರು ಬಂದು ನಿಂತ. ಹೊಡೆದ ಹುಡುಗನೇ ಹತ್ತಿರ ಬಂದು, "ಅಲ್ಲ ಮಾವ, ಹೊರಗೆ ಹೋತ್," ಎಂದ.

"ಹೊಡೆಯೋದು ನಿನ್ನ ಕೆಲಸ. ಹೊಡೆದಾತಲ್ಲ? ನೋಡೋದು ನನ್ನ ಕೆಲಸ. ಹೋಗ್."

ಗೋಲು ಗೋಲಾಗಿಯೇ ಉಳಿಯಿತು. ಬಿಳಿಯ ದೊರೆಯ ಮುಖಕ್ಕೆ ನೇರವಾಗಿ ಹೇಳಿದರು ಗಡ, ಅಂದರೆ ಹೇಳಿದರಂತೆ, ಎಂದು ಊರು ವರ್ಷಗಟ್ಟಲೆ ಮೆರೆಸಿತು. ಅವರು ಹೇಳಿದ್ದು ಸುಳ್ಳು ಎನ್ನುವುದನ್ನು ಎಲ್ಲರೂ ಮರೆತರು. ಅಂಥ ಮನುಷ್ಯನಿಗೆ ಆಮೇಲೆ ಯಾರು ಏನು ಹೇಳಲು ಸಾಧ್ಯ?

ಅಡುಗೆಯಲ್ಲೂ ಹೀಗೆಯೇ. ಕೊಡಗಿನಲ್ಲಿ ಗಂಡಸರು ಹಂದಿಮಾಂಸ ಬೇಯಿಸುವುದು ಹೊಸತಲ್ಲ, ಆದರೆ ದೊಡ್ಡಪ್ಪನ ಹಂದಿಸಾರಿಗೆ ಹೆಸರಿತ್ತು. ಮೆಣಸು ಹುರಿದು, ಕಪ್ಪಗೆ ಕುದಿಸಿದ ಕಾಚಂಪುಳಿಯ ಹುಳಿರಸವನ್ನು ಕೊನೆಯಲ್ಲಿ ಒಂದೇ ಸುತ್ತು ಸುರಿದು, ಮುಚ್ಚಳ ಮುಚ್ಚಿ ಎದ್ದುಬಿಡುತ್ತಿದ್ದರು. ರುಚಿ ನೋಡುತ್ತಿರಲಿಲ್ಲ. "ನೋಡೋದು ಎಂಥ? ನಾ ಮಾಡಿದ್ದಲ್ಲ?" ಅವರು ಹೊರಗೆ ಹೋಗಿ ಕೈ ತೊಳೆಯುವಷ್ಟರಲ್ಲಿ ದೊಡ್ಡಮ್ಮ ಮುಚ್ಚಳ ತೆಗೆದು ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿ, ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದರು. ಕೆಲವೊಮ್ಮೆ ಬಿಸಿನೀರು, ಕೆಲವೊಮ್ಮೆ ಬೆಲ್ಲದ ಚೂರು. ನಾನು ಒಮ್ಮೆ ನೋಡಿಬಿಟ್ಟೆ. ದೊಡ್ಡಮ್ಮ ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿ ನಕ್ಕರು. ಕೊಡಗಿನ ಒಳ್ಳೆಯ ಬಾಣಸಿಗ ಎಂಬ ಹೆಸರು ಆ ಚಿಟಿಕೆಯ ಮೇಲೆ ನಿಂತಿತ್ತು.

ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಮ್ಮ ಅವ್ವ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದವರು ಅವರೇ. ಸಣಕಲು ಹೆಂಗಸು. ದಮ್ಮಿನ ಕಾಯಿಲೆ ಇತ್ತು. ಮೂರು ಮೆಟ್ಟಿಲು ಹತ್ತಿದರೆ ಒಂದು ಕಡೆ ನಿಂತು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು.

ಆ ದಿನ ಬೆಳಿಗ್ಗೆ ದೊಡ್ಡಪ್ಪ ಒಂದು ಬುಟ್ಟಿ ಅಣಬೆ ತಂದರು. ಮಳೆಗಾಲದ ಕಕ್ಕಡ ತಿಂಗಳಲ್ಲಿ ಹುತ್ತದ ಮೇಲೆ ಏಳುವ ಅಣಬೆಗೆ ನಮ್ಮಲ್ಲಿ ಎಲ್ಲರೂ ಬಾಯಿ ಬಿಡುತ್ತಾರೆ. ಯಾವ ಹುತ್ತ ಎನ್ನುವುದನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಅಣ್ಣನಿಗೂ ತಮ್ಮನಿಗೂ ಬೇರೆ ಬೇರೆ ಹುತ್ತ. ದೊಡ್ಡಪ್ಪನ ಹುತ್ತವನ್ನು ಆ ವರ್ಷ ಆನೆ ತುಳಿದಿತ್ತು. ಅದು ನಮಗೆ ಆಮೇಲೆ ತಿಳಿಯಿತು. ಬರಿಗೈಯಲ್ಲಿ ಬರಲು ಅವರ ಕಾಲು ಒಪ್ಪಲಿಲ್ಲ. ಬೇರೆಲ್ಲೋ ಎದ್ದದ್ದನ್ನು ಕಿತ್ತು ತಂದು, ಯಾವಾಗಿನದೇ ಎಂಬಂತೆ ಒಲೆಯ ಮುಂದೆ ಸುರಿದರು.

ದೊಡ್ಡಮ್ಮ ಒಂದನ್ನು ಎತ್ತಿ ತಿರುಗಿಸಿ ನೋಡಿದರು. "ಇದರ ಬುಡ ನೋಡಿನಿ. ಬೇರೇ ಇಲ್ಲೆ. ಹುತ್ತದ್ದಾದ್ರೆ ಕಿತ್ತಾಗ ಬೆರಳುದ್ದ ಬೇರು ಬರ್ತದೆ. ವಾಸನೆಯೂ ಬೇರೆ ಉಟ್ಟು."

"ನೀ ಒಲೆ ನೋಡ್ಕ. ಕಾಡು ನಂಗೆ ಗೊತ್ತುಟ್ಟು."

"ಕೂಸುಗಳು ಉಣ್ಣೋದು, ಹಾಂಗೆ ಹೇಳಿದೆ."

"ಕೂಸುಗಳಿಗೇ ತಂದದ್ದು. ಎಂಥದೂ ಆಕಿಲ್ಲೆ."

ದೊಡ್ಡಪ್ಪನೇ ಬೇಯಿಸಿದರು. ನನಗೆ ಎರಡು ದಿನದಿಂದ ಜ್ವರ, ಗಂಜಿ ಕುಡಿಯುತ್ತಿದ್ದೆ. "ಬಿ.ಎ. ಓದಿದವಕ್ಕೆ ಗಂಜಿ, ನಮ್ಮಂಥ ದಡ್ಡರಿಗೆ ಅಣಬೆ," ಎಂದು ನನ್ನ ಮುಂದೆ ಬಟ್ಟಲು ಆಡಿಸಿ ನಕ್ಕರು. ದೇವಕಿ ಎರಡು ಸಲ ಹಾಕಿಸಿಕೊಂಡಳು. ದೊಡ್ಡಪ್ಪ ಉಂಡರು. ಎಲ್ಲರೂ ಎದ್ದ ಮೇಲೆ ದೊಡ್ಡಮ್ಮ ಕುಳಿತು ತಳದಲ್ಲಿ ಉಳಿದದ್ದನ್ನೆಲ್ಲ ಅನ್ನಕ್ಕೆ ಬಳಿದುಕೊಂಡು ಉಂಡರು. ಅನುಮಾನ ಬಂದಿದ್ದು ಅವರಿಗೆ ಮಾತ್ರ. ಆದರೂ ಉಂಡರು. ಗಂಡ ಮಾಡಿದ್ದನ್ನು ಚೆಲ್ಲಿದರೆ ಅದಕ್ಕೊಂದು ಮಾತು ಬರುತ್ತಿತ್ತು. ಉಪ್ಪಿನ ತಪ್ಪಾಗಿದ್ದರೆ ಅವರು ಸರಿ ಮಾಡುತ್ತಿದ್ದರು.

ಮೂರೂ ಕಾಲಿನ ಮೇಲೆ ಎಲ್ಲವೂ ಬೇಗ ಬೇಗ ಆಯಿತು. ದೇವಕಿಗೆ ನೀರಿಳಿದಂತೆ ಬೆವರು, ಬಾಯಲ್ಲಿ ನಿಲ್ಲದ ಜೊಲ್ಲು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ದೊಡ್ಡಪ್ಪನೂ ಅಂಗಳಕ್ಕೆ ಹೋಗಿ ವಾಂತಿ ಮಾಡಿ ಬಂದು ಕಂಬಕ್ಕೆ ಒರಗಿದರು. ದೊಡ್ಡಮ್ಮ ಮಾತ್ರ ಒಲೆ ಹೊತ್ತಿಸಿ ಬಿಸಿನೀರು ಕಾಯಿಸಿ ತಂದುಕೊಡುತ್ತಿದ್ದರು. ನಾನು ಅವರ ಮುಖ ನೋಡಿ, "ನಿಮಗೆ?" ಎಂದೆ. "ನಂಗೆ ಎಂಥ ಇಲ್ಲೆ. ನೀ ಕೂಸನ್ನು ನೋಡ್," ಎಂದು ಒಳಗೆ ಹೋದರು.

ಅಪ್ಪ ಮಡಿಕೇರಿಯ ಕಚೇರಿಯಲ್ಲಿ. ಆಳುಗಳು ನಾಟಿಗೆ ಹೋಗಿದ್ದರು. ಹೊಳೆ ದಾಟುವ ಮರದ ಸಂಕ ಹಿಂದಿನ ದಿನವೇ ನೀರಿನಡಿ ಮುಳುಗಿತ್ತು. ಗುಡ್ಡ ಸುತ್ತಿ, ದೊಡ್ಡಮ್ಮನನ್ನು ಅಕ್ಕ ಎಂದೇ ಕರೆಯುತ್ತಿದ್ದ ಆಚೆಮನೆ ಪೊನ್ನಪ್ಪ ಮಾವನನ್ನು ಕರೆತರಲು ಹೋದರೆ ಅಷ್ಟು ಹೊತ್ತು ದೇವಕಿಯನ್ನು ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸುವವರು ಯಾರು? ನಾನು ಗೋಡೆಯ ಮೇಲಿನ ಕೋವಿ ನೋಡಿದೆ.

ನಮ್ಮ ಕಡೆ ಕೋವಿಯ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಕೇಳಿದವರು ನಕ್ಕು ತಮ್ಮ ಕೆಲಸ ಮುಂದುವರಿಸುತ್ತಾರೆ. ಸಾವಾದರೆ ಒಂದರ ಹಿಂದೆ ಒಂದು, ಎರಡು. ಅದು ಕೇಳಿದರೆ ನೇಗಿಲು ಹಿಡಿದವನು ನೇಗಿಲು ಬಿಟ್ಟು, ಪೈರು ಹಿಡಿದವಳು ಪೈರು ಬಿಟ್ಟು ಮನೆಗೊಬ್ಬರಂತೆ ಹೊರಡಬೇಕು. ಎಂಥ ಜಗಳವಿದ್ದರೂ ಹೊರಡಬೇಕು. ದೊಡ್ಡಪ್ಪ ಬೇಟೆಯಲ್ಲಿ ಗುರಿ ತಪ್ಪಿದರೂ ಕೂಡಲೇ ಎರಡನೆಯದು ಹೊಡೆಯುತ್ತಿರಲಿಲ್ಲ, ಹಂದಿಯನ್ನು ಬಿಟ್ಟುಬಿಡುತ್ತಿದ್ದರು.

"ಎರಡು ಹೊಡೀರಿ ದೊಡ್ಡಪ್ಪ," ಎಂದೆ. "ಪೊನ್ನಪ್ಪ ಮಾವ ಬರ್ತಾರೆ. ಎಲ್ಲ ಬರ್ತಾರೆ."

ಅವರು ಗೋಡೆಯಿಂದ ಕೋವಿಯ ಮದ್ದು ತುಂಬಿಡುವ ಕೊಂಬನ್ನು ತೆಗೆದರು. ಹೊಡೆಯುತ್ತಾರೆ ಎಂದುಕೊಂಡೆ. ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟರು. "ಯಾರು ಸತ್ತೊಳೊ ಇಲ್ಲಿ?"

"ಸಾಯೋ ಮೊದಲು ಬರ್ಲಿ ಅಂತ."

"ಜೀವ ಇರೋ ಮನೇಲಿ ಎರಡು ಹೊಡೆದರೆ ಅದು ಯಾರನ್ನಾದರೂ ಬಲಿ ಕೇಳ್ತದೆ. ಈ ಮನೇಲಿ ಈಗ ಯಾರನ್ನು ಕೇಳ್ತದೆ ಹೇಳ್? ಈ ಕೂಸನ್ನೇ ಅಲ್ಲ?"

"ಹಾಗಾದ್ರೆ ಒಂದಾದ್ರೂ ಹೊಡೀರಿ."

"ಒಂದಕ್ಕೆ ಯಾವನೂ ಎದ್ದು ಬಾಕಿಲ್ಲೆ. ಗಂಡು ಹುಟ್ಟಿತು ಹೇಳಿ ನಗ್ತಾರೆ."

ನಾನು ಬೇಡಿದೆ. ಬೈದೆ. ಗುಂಡಿಗೆ ಕಿವಿ ಇಲ್ಲ, ಯಾರನ್ನೂ ಕೇಳುವುದಿಲ್ಲ ಎಂದು ವಾದಿಸಿದೆ. ಕೊಂಬನ್ನು ಎಳೆದೆ. ಜೊಲ್ಲು ಸುರಿಯುತ್ತಾ, ಬೆವರಿನಿಂದ ತೊಯ್ದು ಕುಳಿತಿದ್ದ ಆ ಮುದುಕ ಅದನ್ನು ಬಿಡಲಿಲ್ಲ. ದೇವಕಿಯ ಮೇಲಿನ ಪ್ರೀತಿಯಿಂದಲೇ ಬಿಡಲಿಲ್ಲ, ಅದು ನನಗೆ ಗೊತ್ತು. ಗೊತ್ತಿರುವುದರಿಂದ ನನ್ನ ಸಿಟ್ಟು ಒಂದು ಎಳ್ಳಷ್ಟೂ ಇಳಿದಿಲ್ಲ. ಗಡಿಯಾರ ಕೆಮ್ಮಿತು, ಮತ್ತೆ ಕೆಮ್ಮಿತು, ನಾಲ್ಕು ಹೊಡೆಯಿತು, ಮತ್ತೂ ಕೆಮ್ಮಿತು. ದೊಡ್ಡಮ್ಮ ಒಂದು ಸಲ ಬಾಗಿಲಿಗೆ ಬಂದು ನಿಂತು, "ಕೊಡಿನಿ ಅವಳಿಗೆ," ಎಂದರು. ಅಷ್ಟು ಹೇಳಲು ನಡುವೆ ಎರಡು ಸಲ ಉಸಿರು ತೆಗೆದುಕೊಂಡರು. ದೊಡ್ಡಪ್ಪ ಅವರ ಕಡೆ ನೋಡಲೂ ಇಲ್ಲ.

ಐದರ ಸುಮಾರಿಗೆ ದೇವಕಿ ಕರೆದರೆ ಓಗೊಡುವುದನ್ನು ನಿಲ್ಲಿಸಿದಳು. ಆಗ ದೊಡ್ಡಪ್ಪ ಎದ್ದರು. ಪೆಟ್ಟಿಗೆಯಿಂದ ಬಿಳಿ ಬಟ್ಟೆ ತೆಗೆದರು. ನಡುಮನೆಯಲ್ಲಿ ತೆಂಕಕ್ಕೆ ತಲೆ ಮಾಡಿ ನೆಲದ ಮೇಲೆ ಉದ್ದಕ್ಕೆ ಮಲಗಿ, ಬಟ್ಟೆಯನ್ನು ಎದೆಯವರೆಗೆ ಎಳೆದುಕೊಂಡು, ಕೊಂಬನ್ನು ನನ್ನ ಕಡೆ ಚಾಚಿದರು.

"ಈಗ ಸತ್ತವ ಉಟ್ಟು ಮನೇಲಿ. ನಾನು. ನನ್ನ ಹೆಸರಲ್ಲಿ ಹೊಡಿ."

ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡರು. ಕೈಲ್‌ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಡಲು ನನಗೆ ಕಲಿಸಿದವರು ಅವರೇ. ಅಂಗಳಕ್ಕೆ ಹೋಗಿ ಮದ್ದು ಸುರಿದು ಜಡಿದು ಹೊಡೆದೆ. ಮತ್ತೆ ಮದ್ದು ಸುರಿಯುವಾಗ ಅರ್ಧ ನೆಲಕ್ಕೆ ಬಿತ್ತು. ಎರಡನೆಯದನ್ನೂ ಹೊಡೆದೆ. ಒಳಗೆ ಬಂದಾಗ ಬಟ್ಟೆಯೊಳಗೆ ಅವರ ಹೊಟ್ಟೆ ಕುಲುಕುತ್ತಿತ್ತು, ವಾಂತಿ ಬಂದದ್ದನ್ನು ನುಂಗುತ್ತಿದ್ದರು. ಸತ್ತವನು ಸದ್ದು ಮಾಡಬಾರದಲ್ಲ. ಜನ ಬರುವವರೆಗೂ ಹಾಗೆಯೇ ಇದ್ದರು. ಊರು ಹೇಳುವ ಆ ಭಾಗ ನಿಜ. ಅದು ಎಲ್ಲರಿಂದಾಗುವ ಕೆಲಸವಲ್ಲ. ಅಷ್ಟನ್ನು ಮಾಡಬಲ್ಲ ಮನುಷ್ಯ ಒಂದೂವರೆ ಗಂಟೆ ಮೊದಲೇ ಏಕೆ ಮಾಡಲಿಲ್ಲ ಎಂದು ಈವರೆಗೆ ಒಬ್ಬರೂ ಕೇಳಿಲ್ಲ.

ಗುಡ್ಡ ಸುತ್ತಿ ಜನ ಬಂದರು. ಗಂಡಸರ ಕೈಯಲ್ಲಿ ಸೌದೆ ಕಡಿಯುವ ಕತ್ತಿ, ಹೆಂಗಸರ ಮೈಮೇಲೆ ಬಿಳಿ. ಪೊನ್ನಪ್ಪ ಮಾವ ಅಂಗಳದಿಂದಲೇ ಅಳುತ್ತಾ ಬಂದು ಬಟ್ಟೆ ತೆಗೆದರೆ ಹೆಣ ಕಣ್ಣು ಬಿಟ್ಟು, "ನನ್ನ ಬುಡಿ, ಕೂಸನ್ನು ಎತ್ತಿ," ಎಂದಿತು. ಕಂಬಳಿಗೆ ಬಿದಿರು ಕಟ್ಟಿ ದೇವಕಿಯನ್ನು ಹೊತ್ತುಕೊಂಡು ನಾಲ್ಕು ಜನ ಮಡಿಕೇರಿಗೆ ಓಡಿದರು. ಅವಳು ಬದುಕಿದಳು. ಈಗ ಎರಡು ಮಕ್ಕಳ ತಾಯಿ.

ಯಾರೋ ಹೆಂಗಸು ನೀರು ತರಲು ಅಡುಗೆಮನೆಗೆ ಹೋದರು. ದೊಡ್ಡಮ್ಮ ಒಲೆಯ ಪಕ್ಕದ ಗೋಡೆಗೆ ಒರಗಿ ಕುಳಿತಿದ್ದರು. ಕೈಯಲ್ಲಿ ಬಿಸಿನೀರಿನ ಪಾತ್ರೆ ಹಿಡಿಯುವ ಬಟ್ಟೆ. ಮೈ ಆಗಲೇ ತಣ್ಣಗಾಗಿತ್ತು.

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಸತ್ತದ್ದು ಒಂದಾದರೆ, ಆಮೇಲೆ ಆದದ್ದು ಇನ್ನೊಂದು. ದೊಡ್ಡಮ್ಮನ ಸಾವಿಗೆ ಗುಂಡು ಹೊಡೆಯಲಿಲ್ಲ. ಕೋವಿ ಎತ್ತಿಕೊಂಡವನೊಬ್ಬನನ್ನು ಪೊನ್ನಪ್ಪ ಮಾವ ತಡೆದರು. "ಈ ಮನೇಲಿ ಎರಡು ಆಗಿ ಹೋಗಿಟ್ಟು. ಇನ್ನೆರಡು ಹೊಡೆದರೆ ಇನ್ನೊಬ್ಬರನ್ನು ಕೇಳ್ತದೆ." ಜನ ಹೇಗೂ ಬಂದಾಗಿತ್ತು, ಕತ್ತಿಯೂ ತಂದಾಗಿತ್ತು. ಮನೆಗೆ ಬಂದ ಹೆಂಗಸರು ಒಬ್ಬರಿಗೊಬ್ಬರು ಪಿಸುಗುಟ್ಟಿದ್ದು ನನಗೆ ಕೇಳುವಂತೆಯೇ ಇತ್ತು. ಗುಂಡು ಅವರನ್ನು ಕೇಳಿತು ಗಡ. ಯಜಮಾನ ಬೇಡ ಅಂದಿದ್ದರು ಗಡ. ಕಾಲೇಜಿನ ಕೂಸು ಹೊಡೆದದ್ದು ಗಡ. ಹೀಗೆ ದೊಡ್ಡಪ್ಪ ಹೇಳಿದ್ದೇ ಮತ್ತೊಮ್ಮೆ ಸರಿಯಾಯಿತು. ಬೇರಿಲ್ಲದ ಅಣಬೆಯ ಮಾತು ಹೊಳೆಯಲ್ಲಿ ಕೊಚ್ಚಿಹೋಯಿತು.

ಕೆಲವು ತಿಂಗಳ ನಂತರ ದೊಡ್ಡಪ್ಪ ಮತ್ತೆ ಹಂದಿಸಾರು ಮಾಡಿದರು. ಬಾಯಿಗಿಡಲು ಆಗಲಿಲ್ಲ. ಹೆಂಡತಿ ಹೋದ ದುಃಖಕ್ಕೆ ಕೈರುಚಿ ಹೋಯಿತು ಎಂದು ನೆಂಟರು ಕಣ್ಣೊರೆಸಿಕೊಂಡರು. ನಾನು ಎದ್ದು ಹೋಗಿ ಉಪ್ಪಿನ ಮರಿಗೆ ತಂದು ಅವರ ಎಲೆಯ ಮುಂದೆ ಇಟ್ಟೆ. ದೊಡ್ಡಪ್ಪ ಅದನ್ನು ನೋಡಿದರು. ಮುಟ್ಟಲಿಲ್ಲ. ದೊಡ್ಡಮ್ಮನ ಚಿಟಿಕೆಯ ಗುಟ್ಟು ಅವರಿಗೆ ಮೊದಲಿನಿಂದಲೂ ಗೊತ್ತಿತ್ತೇ? ಕೇಳಲಿಲ್ಲ. ಆಮೇಲೆ ಅವರು ಒಲೆಯ ಹತ್ತಿರ ಹೋಗಲಿಲ್ಲ. ಅಂಪೈರು ಕೆಲಸ ಮಾತ್ರ ಬಿಡಲಿಲ್ಲ.

ಒಂದೇ ಒಂದು ಸಲ ನೇರವಾಗಿ ಕೇಳಿದೆ. ಆಗ ನಾನು ಮಡಿಕೇರಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮೇಡಂ ಆಗಿದ್ದೆ. ರಜೆಗೆ ಬಂದಿದ್ದೆ. ಅವರು ದುಡಿಯ ಹಗ್ಗ ಬಿಗಿಯುತ್ತಿದ್ದರು.

"ದೊಡ್ಡಮ್ಮ ಬೇರಿಲ್ಲ ಅಂದದ್ದು ನೆನಪುಂಟಾ ದೊಡ್ಡಪ್ಪ?"

ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆದು ಗಂಟು ಹಾಕಿದರು. ಚರ್ಮದ ಮೇಲೆ ಬೆರಳಿಂದ ಒಂದು ಸಲ ತಟ್ಟಿ ನೋಡಿದರು. "ನಾ ಗುಂಡು ಬೇಡ ಹೇಳಿದ್ದೆ, ಕೂಸೇ," ಎಂದರು. ಗದರಿಸಲಿಲ್ಲ. ಸಮಾಧಾನ ಹೇಳುವ ಹಾಗೆ, ನನ್ನನ್ನು ಕ್ಷಮಿಸಿದ ಹಾಗೆ ಹೇಳಿದರು. ಅಂದು ಆ ದುಡಿಯನ್ನು ಒಲೆಗೆ ಹಾಕದೆ ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿದೆ.

ಅದರ ನಂತರವೂ ಎಷ್ಟೋ ವರ್ಷ. ದಿನವೂ ನಿದ್ದೆಯ ನಡುವೆ ಒಂದು ಗುಂಡು ಕೇಳಿ ಎಚ್ಚರವಾಗುತ್ತಿತ್ತು. ಎರಡನೆಯದಕ್ಕೆ ಕಾಯುತ್ತಾ ಕುಳಿತಿರುತ್ತಿದ್ದೆ. ಅದು ಬರುತ್ತಿರಲಿಲ್ಲ.

ಕಳೆದ ತಿಂಗಳು ಸುದ್ದಿ ತಿಳಿದು ನಾನೂ ದೇವಕಿಯೂ ಊರಿಗೆ ಬಂದಾಗ ಮಧ್ಯಾಹ್ನವಾಗಿತ್ತು. ನಡುಮನೆಯಲ್ಲಿ ಅವರು ತೆಂಕಕ್ಕೆ ತಲೆ ಮಾಡಿ ಮಲಗಿದ್ದರು, ಈ ಸಲ ನಿಜವಾಗಿ. ಸುತ್ತ ಗಂಡಸರು. ಕೋವಿ ಗೋಡೆಯ ಮೇಲೆಯೇ ಇತ್ತು. "ಆಳು ಕಳಿಸಿ ಹೇಳಿಸುವಾ," ಎನ್ನುತ್ತಿದ್ದರು ಪೊನ್ನಪ್ಪ ಮಾವ. ಅವರಿಗೂ ವಯಸ್ಸಾಗಿ ಬೆನ್ನು ಬಾಗಿತ್ತು. "ಗುಂಡು ಬೇಡ ಹೇಳಿ ಹೋಗೊಳೊ. ನಂಗೆ ಅಂದೇ ಹೊಡೆದಾಗಿಟ್ಟು, ಎರಡು ಸಲ ಸಾಯುವವ ನಾ ಅಲ್ಲ ಹೇಳಿದರು. ಎಂಥ ಮನುಷ್ಯ, ನೋಡಿ."

ಎಲ್ಲರೂ ತಲೆಯಾಡಿಸಿದರು. ಎಂಥ ಮನುಷ್ಯ. ಹೋಗುವಾಗಲೂ ಆ ಎರಡು ಗುಂಡನ್ನು ತಮ್ಮವೇ ಮಾಡಿಕೊಂಡು ಹೋಗಿದ್ದರು.

ನಾನು ಹೆಣದ ತಲೆಯ ಕಡೆಯಿಂದ ದಾಟಿ ಹೋಗಿ ಕೋವಿ ತೆಗೆದೆ. ಕೊಂಬನ್ನೂ ತೆಗೆದೆ. ಯಾರೂ ತಡೆಯಲಿಲ್ಲ.

"ಬೇಡ ಹೇಳೊಳೊ ಕೂಸೇ," ಎಂದು ಪೊನ್ನಪ್ಪ ಮಾವ ಹಿಂದೆಯೇ ಅಂಗಳಕ್ಕೆ ಬಂದರು.

"ಅವರಿಗಲ್ಲ."

"ಮತ್ತೆ ಯಾರಿಗೆ?"

"ದೊಡ್ಡಮ್ಮಂಗೆ."

ಅವರು ಏನೋ ಹೇಳಲು ಹೊರಟರು, ಇನ್ನೊಬ್ಬರನ್ನು ಕೇಳುತ್ತದೆ ಎಂದೇ ಇರಬೇಕು. ನಾನು ಮದ್ದು ಜಡಿಯುತ್ತಾ ಅವರ ಮುಖವನ್ನೇ ನೋಡಿದೆ. "ಕೇಳಿದ್ರೆ ನನ್ನನ್ನು ಕೇಳ್ಲಿ ಮಾವ. ನಾನೇ ಅಲ್ಲವಾ ಹೊಡೆಯೋದು?"

ಮೊದಲನೆಯದನ್ನು ಹೊಡೆದೆ. ಮದ್ದು ಒಂದು ಕಾಳೂ ಚೆಲ್ಲಲಿಲ್ಲ. ಎರಡನೆಯದಕ್ಕೆ ಮದ್ದು ಅಳೆದು ಸುರಿದೆ. ಜಡಿದೆ. ಹೊಡೆದೆ. ಸದ್ದು ಎದುರಿನ ಗುಡ್ಡಕ್ಕೆ ಬಡಿದು ಹೊಳೆಯುದ್ದಕ್ಕೂ ಇಳಿದುಹೋಯಿತು. ಕೆಳಗಿನ ಗದ್ದೆಗಳಲ್ಲಿ ಒಬ್ಬೊಬ್ಬರೇ ಬೆನ್ನು ನೇರ ಮಾಡಿ ನಮ್ಮ ಮನೆಯ ಕಡೆ ತಿರುಗಿದರು. ಯಾರೋ ನೇಗಿಲು ಬಿಟ್ಟರು.

ಪೊನ್ನಪ್ಪ ಮಾವ ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಕ್ಕಂಗೆ ತಡ ಆತ್," ಎಂದರು.

"ಆತ್," ಎಂದೆ.

ಜನ ಬಂದರು, ಆಗಬೇಕಾದ್ದೆಲ್ಲ ಆಯಿತು. ಮರುದಿನ ದೇವಕಿ ಭುಜ ಹಿಡಿದು ಅಲುಗಿಸಿದಾಗ ಬಿಸಿಲು ನಡುಮನೆಯವರೆಗೆ ಬಂದಿತ್ತು. ಅವಳು ತಂದಿಟ್ಟಿದ್ದ ಕಾಫಿ ಆರಿ ಮೇಲೆ ಕೆನೆ ಕಟ್ಟಿತ್ತು. "ಎರಡು ಸಲ ಕರೆದೆ ಅಕ್ಕ," ಎಂದಳು. "ನಿಂಗೆ ಕೇಳಲೇ ಇಲ್ಲೆ."